ಮರದ ಟ್ರಾಮಿಗೆ ಸುತ್ತಿದ ಮೋಟಾರು

ಬೀದಿಯ ತಿರುವಿನಲ್ಲಿ ಮೋಟಾರು ರಿಪೇರಿಯ ಪುಟ್ಟ ಅಂಗಡಿ ಇಟ್ಟಿದ್ದವಳನ್ನು ಎಲ್ಲರೂ ವೈಂಡಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ಸುಟ್ಟುಹೋದ ಫ್ಯಾನು, ಮಿಕ್ಸಿ, ನೀರಿನ ಪಂಪು, ಏನೇ ತಂದುಕೊಟ್ಟರೂ ಒಳಗಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಚ್ಚಿ ಒಣಗಿಸಿ ಕೊಡುತ್ತಿದ್ದಳು. ಸುತ್ತು ಹಾಕುವಾಗ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ಒಂದು ಸುತ್ತು ತಪ್ಪಿದರೆ ಮತ್ತೆ ಮೊದಲಿಂದ ಎಣಿಸಬೇಕು. ಗಿರಾಕಿಗಳಿಗೆ ಅದು ಗೊತ್ತಿತ್ತು, ಕಾಯುತ್ತಿದ್ದರು.

ಅವಳಿಗೆ ಐವತ್ತೊಂದು ವಯಸ್ಸು. ಮದುವೆಯಾಗಿರಲಿಲ್ಲ. ಮೇಲ್ಮಹಡಿಯ ಕೋಣೆಯಲ್ಲಿ ಅವಳಿದ್ದಳು, ಕೆಳಗೆ ಅಣ್ಣ ಅತ್ತಿಗೆ ಇದ್ದರು. ಊಟ ಕೆಳಗೇ. ಆದರೆ ಅಣ್ಣ ತಂಗಿ ನೇರವಾಗಿ ಮಾತಾಡಿ ಹದಿನೆಂಟು ವರ್ಷವಾಗಿತ್ತು. “ನೀರಿನ ಬಿಲ್ಲು ಬಂದಿದೆಯಂತೆ, ಹೇಳು” ಎಂದು ಅಣ್ಣ ಹೆಂಡತಿಗೆ ಹೇಳುತ್ತಿದ್ದ. ಎದುರಿಗೇ ಕೂತ ತಂಗಿ, “ನೋಡಿದೆ ಅಂತ ಹೇಳಿ, ಅತ್ತಿಗೆ” ಎನ್ನುತ್ತಿದ್ದಳು. ಮಧ್ಯೆ ಕೂತ ಅತ್ತಿಗೆ ಇಬ್ಬರಿಗೂ ಬಡಿಸುತ್ತಿದ್ದಳು.

ಕಾರಣ ಒಂದು ಲಕೋಟೆ. ಅಣ್ಣ ಟ್ರಾಮ್ ಚಾಲಕ. ಇಪ್ಪತ್ತು ವರ್ಷದ ಹಿಂದೆ ಅವನ ಡಿಪೋದ ಮೋಟಾರು ವಿಭಾಗದಲ್ಲಿ ಒಂದು ಕೆಲಸ ಖಾಲಿ ಬಿದ್ದಿತ್ತು. ಬೇರೆಯವರ ಅಂಗಡಿಯಲ್ಲಿ ಕೆಲಸ ಕಲಿತಿದ್ದ ತಂಗಿ ಅರ್ಜಿ ಬರೆದು, ಆಫೀಸಿಗೆ ಕೊಡು ಎಂದು ಅಣ್ಣನ ಕೈಗಿತ್ತಳು. ಕೆಲವು ವಾರದ ಮೇಲೆ ಅವನು, “ಬೇರೆ ಯಾರನ್ನೋ ತಗೊಂಡ್ರಂತೆ” ಎಂದ. ಎರಡು ವರ್ಷ ಕಳೆದು ಬೀರು ಜೋಡಿಸುವಾಗ ಬಟ್ಟೆಯ ಕೆಳಗೆ ಅದೇ ಲಕೋಟೆ ಅತ್ತಿಗೆಗೆ ಸಿಕ್ಕಿ ತಂಗಿಯ ಕೈ ಸೇರಿತು. ಅಂಟು ಬಿಟ್ಟಿರಲಿಲ್ಲ.

“ಅಲ್ಲಿ ಬರೀ ಗಂಡಸರು. ನಿನ್ನ ಒಳ್ಳೇದಕ್ಕೇ ಮಾಡಿದ್ದು” ಎಂದ ಅಣ್ಣ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವನು. ತಂಗಿ ಕೂಗಾಡಲಿಲ್ಲ. ಮಾತು ನಿಲ್ಲಿಸಿದಳು, ಸ್ವಂತ ಅಂಗಡಿ ತೆರೆದಳು.

ಕಳೆದ ವರ್ಷ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಬಲಗೈ ಸೋತಿತು. ನಿವೃತ್ತಿಗೆ ಎರಡು ವರ್ಷ ಮೊದಲೇ ಕೆಲಸ ಬಿಡಬೇಕಾಯಿತು. ಬೆರಳಿಗೆ ಕೆಲಸ ಕೊಡಿ, ಇಲ್ಲದಿದ್ದರೆ ಮರಗಟ್ಟುತ್ತವೆ ಎಂದು ಡಾಕ್ಟರು ಹೇಳಿದ್ದರಿಂದ ಅತ್ತಿಗೆ ಆಟಿಕೆ ಅಂಗಡಿಯಿಂದ ಒಂದು ಪೆಟ್ಟಿಗೆ ತಂದಳು. ಒಳಗೆ ತೆಳು ಪ್ಲೈವುಡ್ಡಿನಲ್ಲಿ ಕತ್ತರಿಸಿದ ಮುನ್ನೂರು ಚಿಲ್ಲರೆ ತುಂಡುಗಳು. ಜೋಡಿಸಿದರೆ ಮೊಳದುದ್ದದ ಟ್ರಾಮು, ಅದಕ್ಕೊಂದು ಮರದ ಹಳಿ.

“ಇಪ್ಪತ್ತೆಂಟು ವರ್ಷ ನಿಜವಾದ್ದನ್ನ ಓಡಿಸಿದೀನಿ. ಈಗ ಮಕ್ಕಳಾಟ ಆಡ್ಲಾ?” ಎಂದು ಪೆಟ್ಟಿಗೆಯನ್ನು ಮಂಚದ ಕೆಳಕ್ಕೆ ತಳ್ಳಿದ. ಮೂರನೆಯ ದಿನ ತಾನೇ ಎಳೆದುಕೊಂಡ. ಎಡಗೈಯಲ್ಲಿ ತುಂಡು ಆರಿಸಿ, ಅಂಚು ಉಜ್ಜಿ, ಅಂಟು ಹಚ್ಚಿ, ಅದು ಒಣಗುವವರೆಗೆ ಬಲಗೈಯಿಂದ ಒತ್ತಿ ಹಿಡಿಯುತ್ತಿದ್ದ. ಮೊದಮೊದಲು ಬೆರಳು ನಡುಗಿ ಕಿಟಕಿಯ ಚೌಕಟ್ಟುಗಳು ಸೊಟ್ಟಗೆ ಕೂತವು. ಬಿಚ್ಚಿ ಮತ್ತೆ ಕೂರಿಸಿದ. ನಾಲ್ಕು ತಿಂಗಳಿಗೆ ಸೀಟು, ಮೆಟ್ಟಿಲು, ಚಾಲಕನ ಹಿಡಿಕೆ ಎಲ್ಲ ಸೇರಿ ಟ್ರಾಮು ಎದ್ದು ನಿಂತಿತು.

ನಿಂತಿತು ಅಷ್ಟೇ. ಪೆಟ್ಟಿಗೆಯಲ್ಲಿ ಮೋಟಾರು ಇರಲಿಲ್ಲ. ಹೆಂಡತಿಯಿಂದ ಆಟಿಕೆಯ ಮೋಟಾರು ತರಿಸಿ ತಾನೇ ತಳಕ್ಕೆ ಬಿಗಿದ. ಬ್ಯಾಟರಿ ಮುಟ್ಟಿಸಿದ ಕೂಡಲೇ ಟ್ರಾಮು ಕಪ್ಪೆಯಂತೆ ನೆಗೆದು, ಮರದ ಹಳಿ ಬಿಟ್ಟು, ಮೇಜಿನಿಂದ ಕೆಳಗೆ ಬಿತ್ತು. ಒಂದು ಬಾಗಿಲು ಮುರಿಯಿತು.

ಅತ್ತಿಗೆ ಮಹಡಿ ಹತ್ತಿ ಬಂದಳು. “ಸ್ವಲ್ಪ ನೋಡಿ ಕೊಡ್ತೀಯೇನೇ?”

“ಬೇಕಾದವರು ಬಂದು ಕೇಳಲಿ, ಅತ್ತಿಗೆ.”

“ಎಣ್ಣೆ ಸೀಗೆಕಾಯಿ ಅಂತ ಕೇಳಿದ್ದೆ. ಮಧ್ಯೆ ಸಿಕ್ಕಿಕೊಂಡ ತಲೆ ನಂದು” ಎಂದು ಅತ್ತಿಗೆ ಇಳಿದುಹೋದಳು.

ಮಾರನೆಯ ಬೆಳಗ್ಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು. ಕಾಯಿಲೆ ಬಿದ್ದ ಮೇಲೆ ಅಣ್ಣ ಮಹಡಿ ಹತ್ತಿರಲಿಲ್ಲ. ಎಡಗೈಯಲ್ಲಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಬಂದ. ಹಿಂದೆ ಅತ್ತಿಗೆ, ಅವಳ ಕೈಯಲ್ಲಿ ಟ್ರಾಮು. ಬಾಗಿಲಲ್ಲಿ ನಿಂತು ಉಸಿರು ಸುಧಾರಿಸಿಕೊಂಡು ಅವನು ತಂಗಿಯ ಮುಖ ನೋಡಿಯೇ ಹೇಳಿದ:

“ಇದು ಹಾರುತ್ತೆ. ಟ್ರಾಮ್ ಹಾರಲ್ಲ. ಮೊದಲು ಜಗ್ಗಬೇಕು, ಆಮೇಲೆ ಹೊರಡಬೇಕು.”

ತಂಗಿ ಟ್ರಾಮನ್ನು ಮಗುಚಿ ಹಾಕಿ ನೋಡಿದಳು. “ಮೋಟಾರಿಗೆ ವೇಗ ಜಾಸ್ತಿ, ಬಲ ಕಮ್ಮಿ. ಬಿಟ್ಟು ಹೋಗು.”

ಹಳೆಯ ಟೇಪ್ ರೆಕಾರ್ಡರಿನ ಮೋಟಾರು ಅಂಗಡಿಯಲ್ಲಿತ್ತು. ಅದನ್ನು ಬಿಚ್ಚಿ, ಕೂದಲಿಗಿಂತ ತೆಳುವಾದ ತಂತಿಯಲ್ಲಿ ಸುತ್ತು ಹೆಚ್ಚಿಸಿದಳು. ವೇಗ ತಗ್ಗಿತು. ಅದೇ ರೆಕಾರ್ಡರಿನ ರಬ್ಬರ್ ಪಟ್ಟಿಯನ್ನು ಮೋಟಾರಿನಿಂದ ಚಕ್ರದ ಅಚ್ಚಿಗೆ ತೊಡಿಸಿದಳು. ಮರದ ಗಾಲಿ ಜಾರುತ್ತಿದ್ದರಿಂದ ಸೀಟುಗಳ ಕೆಳಗೆ ಕಬ್ಬಿಣದ ವಾಷರುಗಳನ್ನು ಪೇರಿಸಿ ಭಾರ ಮಾಡಿದಳು. ಕೊನೆಗೆ ಹಂತಹಂತವಾಗಿ ಕರೆಂಟು ಬಿಡುವ ಹಿಡಿಕೆ. ಎಷ್ಟು ಹಂತ ಇರಬೇಕು ಎಂದು ಅವಳಿಗೆ ಗೊತ್ತಿರಲಿಲ್ಲ. ಇಳಿದುಹೋಗಿ ಕೇಳಲೇಬೇಕಾಯಿತು.

“ಎಂಟು” ಎಂದ ಅಣ್ಣ. “ಮೊದಲನೇದ್ರಲ್ಲಿ ಎರಡು ಎಣಿಸೋವರೆಗೂ ನಿಲ್ಲಬೇಕು. ಇಲ್ಲಾಂದ್ರೆ ನಿಂತಿರೋ ಜನ ಬೀಳ್ತಾರೆ.”

“ಇದರೊಳಗೆ ಯಾವ ಜನ?”

“ಇದ್ರೆ ಬೀಳ್ತಾರೆ.”

ಮೂರು ವಾರ ಹೀಗೇ ನಡೆಯಿತು. ಹಿಡಿಕೆ ಬಿಗಿಯಾಯಿತು, ಸಡಿಲವಾಯಿತು, ಪಟ್ಟಿ ಜಾರಿತು. ಮಾತೆಲ್ಲ ಟ್ರಾಮಿನದೇ. ಲಕೋಟೆಯ ವಿಷಯ ಇಬ್ಬರೂ ಎತ್ತಲಿಲ್ಲ.

ಒಂದು ಭಾನುವಾರ ಡಿಪೋದ ಮೋಟಾರು ವಿಭಾಗದ ಮೇಸ್ತ್ರಿ ಅಣ್ಣನನ್ನು ನೋಡಲು ಬಂದ. ಅಣ್ಣ ಬಲಗೈಯನ್ನೇ ಹಿಡಿಕೆಯ ಮೇಲಿಟ್ಟು ಮೆಲ್ಲಗೆ ತಿರುಗಿಸಿದ. ಟ್ರಾಮು ಒಂದು ಕ್ಷಣ ಜಗ್ಗಿ, ನಿಧಾನಕ್ಕೆ ಹೊರಟು, ಹಳಿಯ ಕೊನೆಗೆ ಅಲುಗದೆ ನಿಂತಿತು. ಮೇಸ್ತ್ರಿ ಬಗ್ಗಿ ತಳ ನೋಡಿದ.

“ಇದನ್ನ ಸುತ್ತಿದ್ದು ಯಾರು? ನಮ್ಮಲ್ಲೂ ಇಷ್ಟು ನೀಟಾಗಿ ಸುತ್ತೋರು ಇಲ್ಲ.”

“ನನ್ನ ತಂಗಿ” ಎಂದ ಅಣ್ಣ. ಅಷ್ಟಕ್ಕೇ ಬಿಡಬಹುದಿತ್ತು. ಅವನು ಮುಂದುವರಿಸಿದ. “ಇಪ್ಪತ್ತು ವರ್ಷದ ಹಿಂದೇನೇ ನಿಮ್ಮಲ್ಲಿಗೆ ಬರಬೇಕಾಗಿದ್ದೋಳು. ಅರ್ಜಿ ನನ್ನ ಕೈಗೆ ಕೊಟ್ಟಿದ್ಲು. ನಾನು ಕೊಡಲಿಲ್ಲ, ಬಚ್ಚಿಟ್ಟೆ.”

ಮೇಸ್ತ್ರಿ ಮತ್ತೆ ಬಗ್ಗಿ ಹಳಿ ನೋಡತೊಡಗಿದ. ಅತ್ತಿಗೆ ಕಾಫಿ ತರುವ ನೆಪದಲ್ಲಿ ಒಳಗೆ ಹೋದಳು. ತಂಗಿ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟಳು.

ಮೇಸ್ತ್ರಿ ಹೋದ ಮೇಲೆ ಅವಳು, “ಆ ಮಾತು ನನಗೇ ಹೇಳಬಹುದಿತ್ತಲ್ಲ, ಅಣ್ಣ” ಎಂದಳು.

“ಹೇಳೋಕೆ ಮುಖ ಇರಲಿಲ್ಲ. ಹೊರಗಿನವನ ಮುಂದೆ ಬಾಯಿ ಬಂತು.”

“ನನಗೆ ಅಲ್ಲಿ ಸರಿಹೋಗ್ತಿರಲಿಲ್ವೋ ಏನೋ. ಆದ್ರೆ ಅದನ್ನ ನೋಡಬೇಕಾಗಿದ್ದವಳು ನಾನು, ನೀನಲ್ಲ.”

“ಹೌದು” ಎಂದ ಅಣ್ಣ.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅವನೂ ಕೇಳಲಿಲ್ಲ.

ತಿಂಗಳೊಳಗೆ ಮೇಸ್ತ್ರಿ ಅಂಗಡಿಗೇ ಬಂದ. ಟ್ರಾಮುಗಳ ಬಾಗಿಲಿನ ಮೋಟಾರುಗಳು ಡಿಪೋದಲ್ಲಿ ರಾಶಿ ಬಿದ್ದಿವೆ, ಸುತ್ತಿ ಕೊಡ್ತೀರಾ ಎಂದು ಕೇಳಿದ. ಮೊದಲು ಎರಡು ಕಳಿಸಿ, ನೋಡಿ ಹೇಳ್ತೀನಿ ಎಂದಳು ಅವಳು. ಎರಡು ಬಂದವು, ಆಮೇಲೆ ಪ್ರತಿ ಸೋಮವಾರ ಒಂದು ಕ್ರೇಟು ಬರತೊಡಗಿತು.

ಅಣ್ಣ ಈಗ ಕೋಣೆಯ ಸುತ್ತ ಹಳಿ ಹಾಸುತ್ತಿದ್ದಾನೆ. ಮಂಚದ ಮೂಲೆಯ ತಿರುವು ತೀರ ಇಕ್ಕಟ್ಟು, ಟ್ರಾಮು ತಿರುಗುವುದಿಲ್ಲ ಎಂದು ತಂಗಿ ವಾದಿಸುತ್ತಾಳೆ. ಇದಕ್ಕಿಂತ ಇಕ್ಕಟ್ಟಾದ ತಿರುವಿನಲ್ಲಿ ಜನ ತುಂಬಿಕೊಂಡು ಹೋಗಿದ್ದೇನೆ ಎಂದು ಅವನು ಒಪ್ಪುವುದಿಲ್ಲ. ಮಂಚವನ್ನೇ ಸರಿಸಿದರಾಯಿತು ಎಂದು ಅತ್ತಿಗೆ ಎರಡು ಸಲ ಹೇಳಿ ನೋಡಿದಳು. ಇಬ್ಬರೂ ಕೇಳಿಸಿಕೊಂಡಿಲ್ಲ.