ನಾನೇ ಬರೆದ ಕೋರಿಕೆ ಚೀಟಿಗಳು

ಸಂಗೀತ ಕಚೇರಿಯ ಕೊನೆಯಲ್ಲಿ ಕೇಳುಗರು ತಮಗೆ ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುವುದು ನಮ್ಮ ಕಡೆಯ ವಾಡಿಕೆ. ಹೆಸರು ಮಾಡಿದವರಿಗೆ ಚೀಟಿಗಳ ಸುರಿಮಳೆ. ಹೊಸಬರಿಗೆ ಯಾರು ಕಳಿಸುತ್ತಾರೆ? ಪಾಪ, ಬಾಡಿದ ಮುಖದಲ್ಲಿ ಮಂಗಳ ಹಾಡಿ ಏಳುತ್ತಿದ್ದರು. ಅದನ್ನು ನೋಡಲಾರದೆ ನಾನೇ ಹಿಂದಿನ ಸಾಲಿನಲ್ಲಿ ಕೂತು ಮೂರು ನಾಲ್ಕು ಚೀಟಿ ಬರೆದು ಕಳಿಸತೊಡಗಿದೆ. ಅವನ್ನು ಓದಿ ಅವರ ಮುಖ ಅರಳಿದಾಗ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಪುಣ್ಯದ ಕೆಲಸ ಅಂದುಕೊಂಡಿದ್ದೆ, ಮೂರ್ಖ.

ನನ್ನ ಕಣ್ಣು ತೆರೆಸಿದ ಹುಡುಗಿ ಅಜ್ಜಂಪುರದವಳು. ಅಲ್ಲಿಯ ಶಾಲೆಯಲ್ಲಿ ಮೂರು ವರ್ಷ ದಿನವೂ ಅವಳ ಕಾಪಿ ತಿದ್ದಿದ ಮೇಷ್ಟ್ರು ನಾನು. ನಿವೃತ್ತನಾಗಿ, ಹೊಸ ಗಾಯಕರಿಗೆ ವೇದಿಕೆ ಹುಡುಕಿಕೊಡುವ ಹುಚ್ಚು ಹಿಡಿದಾಗ ಮೊದಲು ನೆನಪಾದವಳೇ ಅವಳು. ಆ ನವರಾತ್ರಿಗೆ ಅಜ್ಜಂಪುರ, ಕಡೂರು, ತರೀಕೆರೆ ಅಂತ ನಾಲ್ಕು ದಿನದೊಳಗೆ ಮೂರು ಕಚೇರಿ ಹೊಂದಿಸಿದೆ. ತರೀಕೆರೆಗೆ ಬೆಂಗಳೂರಿನ ಸಂಗೀತ ಸಭೆಯೊಂದರ ಕಾರ್ಯದರ್ಶಿ ಬರುವವರಿದ್ದರು. ಅವರು ಮೆಚ್ಚಿದರೆ ಅವಳಿಗೆ ದೊಡ್ಡ ವೇದಿಕೆ ಸಿಗುತ್ತಿತ್ತು.

ಕಡೂರಿನಲ್ಲೇ ನನಗೆ ತಿಳಿಯಬೇಕಿತ್ತು. ಮೇಲಿನ ಷಡ್ಜದ ಹತ್ತಿರ ಅವಳ ದನಿ ಸೆರಗು ಮುಳ್ಳಿಗೆ ಸಿಕ್ಕಂತೆ ತಡವರಿಸಿತು. ಮರುದಿನ ತರೀಕೆರೆ ಬಸ್ ಹತ್ತುವ ಮುಂಚೆ ಅವಳ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು.

“ಬೆಳಗ್ಗಿಂದ ಮಾತೇ ಆಡಿಲ್ಲ ಕಣ್ರೀ ಮೇಷ್ಟ್ರೇ. ಬರೀ ಕೈಸನ್ನೆ ಮಾಡ್ತಾಳೆ. ಇವತ್ತೊಂದಿನ ಬಿಟ್ಬಿಡಿ.”

“ಹಾಡ್ತಾ ಹಾಡ್ತಾ ರಾಗ ಕಣಮ್ಮಾ. ಬಿಸ್ನೀರು ಕುಡ್ಸು, ಸರಿಹೋಯ್ತದೆ,” ಎಂದೆ. ನರಳ್ತಾ ನರಳ್ತಾ ರೋಗ ಎಂಬ ಗಾದೆಯ ಉಳಿದರ್ಧವನ್ನು ನುಂಗಿಕೊಂಡೆ. ಹುಡುಗಿ ಫ್ಲಾಸ್ಕ್ ಹಿಡಿದು ನನ್ನನ್ನೇ ನೋಡುತ್ತಿದ್ದಳು.

ತರೀಕೆರೆಯಲ್ಲಿ ಅವಳು ಬಲು ಜಾಣತನದಿಂದ, ದನಿಯನ್ನು ಮೇಲಕ್ಕೇರಿಸದೆ, ಒಂದು ಗಂಟೆ ಹಾಡಿದಳು. ಅಲ್ಲಿಗೇ ಮುಗಿಸಿದ್ದರೆ ದನಿ ಉಳಿದುಕೊಳ್ಳುತ್ತಿತ್ತು. ಆದರೆ ಕಾರ್ಯದರ್ಶಿಗಳು ಗಡಿಯಾರ ನೋಡಿದರು. ನನಗೆ ದಿಗಿಲಾಯಿತು. ಮೇಲಿನ ಸ್ಥಾಯಿಯಲ್ಲೇ ಸುತ್ತಾಡುವ ದೇವರನಾಮವೊಂದನ್ನು ಚೀಟಿಯಲ್ಲಿ ಬರೆದು, ಮುಂದಿನವರ ಕೈಯಿಂದ ಕೈಗೆ ದಾಟಿಸಿದೆ. ಅವಳು ಬಿಡಿಸಿ ಓದಿದಳು. ಸಭೆಯ ಕಡೆ ನೋಡಲಿಲ್ಲ, ಚೀಟಿಯನ್ನೇ ಎರಡು ಸಲ ಓದಿ ಮಡಿಸಿಟ್ಟಳು. ಆಮೇಲೆ ಹಾಡಿದಳು.

ಎರಡನೆಯ ಚರಣದಲ್ಲಿ ದನಿ ಕಡಿದುಹೋಯಿತು. ಬಾಯಿ ತೆರೆದೇ ಇತ್ತು, ಬರೀ ಗಾಳಿ ಬರುತ್ತಿತ್ತು. ಪಿಟೀಲಿನವರು ಕಮಾನು ಎತ್ತಿಬಿಟ್ಟರು. ಎಲೆಕ್ಟ್ರಾನಿಕ್ ತಂಬೂರಿಯೊಂದೇ ನುಡಿಯುತ್ತಾ ಇತ್ತು.

ಶಿವಮೊಗ್ಗದ ಡಾಕ್ಟರು ಧ್ವನಿತಂತುವಿನಲ್ಲಿ ರಕ್ತಸ್ರಾವ ಆಗಿದೆ ಎಂದರು. ತಿಂಗಳುಗಟ್ಟಲೆ ಮಾತು ಕೂಡದು. ಹಾಡಿನ ವಿಷಯಕ್ಕೆ ಅವರು ಏನೂ ಹೇಳಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು. ವಾರ ಕಳೆದು ಅವರ ಮನೆಗೆ ಹೋದೆ. ತಾಯಿ ಕಾಫಿ ತಂದಿಟ್ಟು ಒಳಗೆ ಹೋದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಅವತ್ತಿನ ಚೀಟಿ ಜನ ಕಳ್ಸಿದ್ದಲ್ಲ ಕಣಮ್ಮಾ. ನಾನೇ ಬರ್ದಿದ್ದು,” ಎಂದೆ.

ಅವಳು ಪಕ್ಕದಲ್ಲಿದ್ದ ಹಾಳೆಯ ಮೇಲೆ ಬರೆದು ನನ್ನ ಕಡೆ ಸರಿಸಿದಳು. ನಾನೇ ತಿದ್ದಿ ಕಲಿಸಿದ ದುಂಡು ಅಕ್ಷರ.

‘ಗೊತ್ತಿತ್ತು ಮೇಷ್ಟ್ರೇ, ನಿಮ್ಮ ಅಕ್ಷರ ನನಗೆ ಗೊತ್ತಿಲ್ಲವೇ? ಜನ ಕೇಳಿದ್ದರೆ ಆಗಲ್ಲ ಅಂತಿದ್ದೆ.’