ಚೀಟಿ ಚೀಟಿಯಾಗಿ ಕದ್ದ ಪುಸ್ತಕ

ನಾನು ಈ ಬದುಕಿನಲ್ಲಿ ಕದ್ದದ್ದು ಒಂದೇ ಒಂದು ವಸ್ತು. ಅದನ್ನೂ ಒಂದೇ ಏಟಿಗೆ ಕದಿಯುವ ಧೈರ್ಯ ಸಾಲದೆ, ಅದರ ಯಜಮಾನರ ಮನೆಯಲ್ಲೇ ಕುಳಿತು, ಅವರದೇ ಚಹಾ ಕುಡಿಯುತ್ತ, ಸಲಕ್ಕೆ ಮೂರು ಶಬ್ದದಂತೆ ಎರಡು ವರ್ಷ ಕದ್ದೆ. ಕಳ್ಳತನದಲ್ಲೂ ಇಷ್ಟು ಸಾವಕಾಶ ಮಾಡುವವಳು ನೀನೊಬ್ಬಳೇ ಎಂದು ನನ್ನ ತಂಗಿ ಈಗಲೂ ನಗುತ್ತಾಳೆ. ಕದ್ದದ್ದು ಬಂಗಾರವಲ್ಲ, ಬೆಳ್ಳಿಯಲ್ಲ. ಒಂದು ಕಂಪ್ಯೂಟರ್ ಆಟದ ಜೊತೆ ಬಂದಿದ್ದ, ಅಂಗೈಯಗಲದ ಒಂದು ಪುಸ್ತಕ.

ಆಗ ನಾನು ಶಹಾಪುರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ನಡೆಸುತ್ತಿದ್ದೆ ಅನ್ನುವುದು ದೊಡ್ಡ ಮಾತಾಯಿತು. ನಾಲ್ಕು ಮಷೀನು ಇದ್ದವು, ಅದರಲ್ಲಿ ಎರಡು ನಡೆಯುತ್ತಿದ್ದವು, ಅವೂ ಕರೆಂಟು ಇದ್ದಾಗ. ಭದ್ರತೆಗೆ ಮಾತ್ರ ಏನೂ ಕಡಿಮೆ ಇರಲಿಲ್ಲ. ವೈರಸ್ ಎಂಬುದೊಂದು ಇದೆ, ಅದು ಧೂಳಿನ ಜೊತೆ ಬರುತ್ತದೆ ಎಂದು ಮಕ್ಕಳು ನಂಬಿದ್ದರು, ಅವರಿಗೆ ಕಲಿಸುವ ನಾನೂ ನಂಬಿದ್ದೆ. ಆದ್ದರಿಂದ ಚಪ್ಪಲಿ ಹೊರಗೆ, ಬಾಗಿಲಿಗೆ ಪರದೆ, ಮಷೀನಿನ ಮೇಲೆ ಕಸೂತಿಯ ಹೊದಿಕೆ, ಹೊಸ್ತಿಲಿಗೆ ನಿಂಬೆಹಣ್ಣು. ವೈರಸ್ಸು ಮಾತ್ರ ಅವರ ಅಂಗಿಯ ಕಿಸೆಯಲ್ಲಿ, ಫ್ಲಾಪಿಯೊಳಗೆ ಆರಾಮಾಗಿ ಕುಳಿತು, ಬರಿಗಾಲಲ್ಲೇ ಒಳಗೆ ಬರುತ್ತಿತ್ತು. ಪಾಸ್‌ವರ್ಡ್ ಮರೆಯಬಾರದೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿದ್ದೆ. ಅದು ಹಾಲು ಹಾಕುವವನಿಗೂ ಗೊತ್ತಿತ್ತು.

ಕಾಪಿ ಮಾಡುವುದು ತಪ್ಪು ಎಂದು ಆಗ ನಮ್ಮ ಕಡೆ ಯಾರಿಗೂ ಅನಿಸಿರಲಿಲ್ಲ. ಹೆಪ್ಪು ಕೇಳಿಕೊಂಡು ಬಂದ ನೆರೆಮನೆಯವಳಿಗೆ ಇಲ್ಲ ಅನ್ನುವವರುಂಟೇ? ಅವಳ ಮನೆಯಲ್ಲಿ ಮೊಸರಾಗುತ್ತದೆ, ನಮ್ಮ ಮೊಸರು ಹಾಗೆಯೇ ಇರುತ್ತದೆ. ಫ್ಲಾಪಿಯೂ ಹಾಗೆಯೇ ಓಡಾಡುತ್ತಿತ್ತು. ಇನ್ನೂ ಹಿಂದಕ್ಕೆ ಹೋದರೆ, ತಾಳೆಗರಿಯ ಗ್ರಂಥಗಳೆಲ್ಲ ಉಳಿದದ್ದೇ ಯಾರೋ ಪುಣ್ಯಾತ್ಮರು ಸೊಂಟ ನೋಯಿಸಿಕೊಂಡು ಪ್ರತಿ ಮಾಡಿದ್ದರಿಂದ. ಈ ವಾದವನ್ನು ನಾನು ಬಹಳ ಕಡೆ ಬಹಳ ಗಟ್ಟಿಯಾಗಿ ಮಂಡಿಸಿದ್ದೇನೆ. ನನ್ನ ಸೊಂಟ ಎಂದೂ ನೋಯಲಿಲ್ಲ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಆ ಆಟ ನನಗೆ ಬಂದದ್ದು ಯಾದಗಿರಿಯಿಂದ, ಸ್ಟೇಷನ್ ಹತ್ತಿರದ ಇನ್ನೊಂದು ಕ್ಲಾಸಿನಿಂದ. ಊರು ಕಟ್ಟುವ ಆಟ. ಬಯಲು ಕೊಡುತ್ತದೆ, ಪಕ್ಕದಲ್ಲಿ ಒಂದು ಹೊಳೆ ಕೊಡುತ್ತದೆ, ರಸ್ತೆ ಎಳೆದು ಮನೆ ಕೂಡಿಸುವುದು ನಮ್ಮ ಕೆಲಸ. ಮಧ್ಯಾಹ್ನ ಮಕ್ಕಳೆಲ್ಲ ಊಟಕ್ಕೆ ಹೋದ ಮೇಲೆ ನಾನು ಊರು ಕಟ್ಟಲು ಕುಳಿತರೆ, ಕಿಟಕಿಯಾಚೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡವೂ ನನ್ನ ಜೊತೆ ಕನಸು ಕಾಣುತ್ತಿದೆ ಅನಿಸುತ್ತಿತ್ತು. ಆದರೆ ಆಟ ಶುರುವಾಗುವ ಮೊದಲು ಒಂದು ಪ್ರಶ್ನೆ ಬರುತ್ತಿತ್ತು: ಪುಸ್ತಕದ ಇಂಥ ಪುಟದ ಇಂಥ ಸಾಲಿನಲ್ಲಿ ಇರುವ ಶಬ್ದ ಯಾವುದು? ಹಣ ಕೊಟ್ಟು ಕೊಂಡವರ ಹತ್ತಿರ ಪುಸ್ತಕ ಇರುತ್ತದೆ, ನನ್ನಂಥವರ ಹತ್ತಿರ ಇರುವುದಿಲ್ಲ. ತಪ್ಪು ಹೇಳಿದರೂ ಆಟ ಬೈಯುತ್ತಿರಲಿಲ್ಲ, ಅದೇ ಅದರ ಕಪಟ. ಆಡಲು ಬಿಡುತ್ತಿತ್ತು. ನೀವು ಮನಸ್ಸಿಟ್ಟು ಶಾಲೆ, ತೋಟ, ಸಂತೆ ಎಲ್ಲ ಮಾಡಿ ಮುಗಿಸುವ ಹೊತ್ತಿಗೆ ಹೊಳೆ ಉಕ್ಕಿ ಇಡೀ ಊರನ್ನು ಮುಳುಗಿಸುತ್ತಿತ್ತು. ಹೀಗೆ ನನ್ನ ಏಳೆಂಟು ಊರು ಹೋದವು. ನಾನು ನಕ್ಕೆ, ಮತ್ತೆ ಕಟ್ಟಿದೆ.

ಸುರಪುರದಲ್ಲಿ ಇಮಾಮಸಾಬ್ ಮಾಸ್ತರು ಎಂಬವರ ಹತ್ತಿರ ಅಸಲಿ ಪುಸ್ತಕವಿದೆ ಎಂದು ತಿಳಿದದ್ದು ಬಸ್ಸಿನಲ್ಲಿ, ಪರಿಚಯದ ಒಬ್ಬ ಇಂಗ್ಲಿಷ್ ಟೀಚರಿಂದ. ಮಾಸ್ತರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ರಿಟೈರಾದವರು. ಹೈದರಾಬಾದಿನಲ್ಲಿದ್ದ ಅವರ ತಮ್ಮ ಒಂದು ಹಳೆಯ ಮಷೀನನ್ನೂ ಡಬ್ಬಿಯ ಸಮೇತ ಈ ಆಟವನ್ನೂ ಕೊಡಿಸಿದ್ದನಂತೆ. ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಕರಾರು ಇರುತ್ತದಲ್ಲ, ಲೋಕದಲ್ಲಿ ಯಾರೂ ಓದದೇ ಇರುವಂಥದ್ದು, ಅದನ್ನು ಈ ಮಾಸ್ತರು ಆ ಟೀಚರನ್ನು ಮನೆಗೆ ಕರೆಸಿ, ಕುರ್ಚಿ ಹಾಕಿ, ಮೊದಲಿಂದ ಕೊನೆಯವರೆಗೆ ಓದಿಸಿ ಅರ್ಥ ಹೇಳಿಸಿಕೊಂಡಿದ್ದರು. ಅಷ್ಟಾದ ಮೇಲೆಯೇ ಸೀಲು ಒಡೆದದ್ದು.

ಮುಂದಿನ ಭಾನುವಾರವೇ ಹೋದೆ. ಪುಸ್ತಕ ಒಂದೆರಡು ದಿನಕ್ಕೆ ಕೊಡಿ ಎಂದೆ. ಮಾಸ್ತರು ಬಹಳ ಮರ್ಯಾದೆಯಿಂದ ಇಲ್ಲ ಎಂದರು.

"ಸೀಲ್ ಒಡದೀನಿ ಬಾಯಾರ, ಅಂದ್ರ ಜಬಾನ್ ಕೊಟ್ಟಂಗ. ಪುಸ್ತಕ ಕೊಡಂಗಿಲ್ಲ, ಕಾಪಿ ಮಾಡಂಗಿಲ್ಲ. ಆದ್ರ ಮನಿಗಿ ಬಂದು ಒಂದು ಮಾತು ಕೇಳಿದವ್ರಿಗಿ ಹೇಳಬ್ಯಾಡ ಅಂತ ಅದ್ರಾಗ ಎಲ್ಲೂ ಬರದಿಲ್ಲ."

ಹಾಗೆ ಕಾನೂನಿನ ಸಂದಿಯಲ್ಲಿ ನನಗೊಂದು ಕುರ್ಚಿ ಸಿಕ್ಕಿತು. ಸಲಕ್ಕೆ ಮೂರು ಶಬ್ದ ಎಂದು ಅವರೇ ಗೊತ್ತು ಮಾಡಿದರು. ಮಾಸ್ತರಿಗೆ ಉರ್ದು ಬರುತ್ತಿತ್ತು, ಕನ್ನಡ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಆದ್ದರಿಂದ ಶಬ್ದವನ್ನು ಬಾಯಲ್ಲಿ ಹೇಳುವ ಬದಲು ಪುಸ್ತಕ ನೋಡಿ ಅದರ ಅಕ್ಷರಗಳನ್ನು ಚೀಟಿಯ ಮೇಲೆ ಚಿತ್ರ ಬಿಡಿಸಿದಂತೆ ಬರೆದು ಕೊಡುತ್ತಿದ್ದರು. ಅಕ್ಷರ ಅಂದರೆ ಏನು ಅಕ್ಷರ! ಅಸಲಿ ಪುಸ್ತಕದಲ್ಲಿಯೂ ಅಷ್ಟು ಚೆಂದ ಇರಲಿಲ್ಲ.

ಇಷ್ಟಕ್ಕೇ ತೃಪ್ತಳಾಗಿದ್ದರೆ ಈ ಪ್ರಬಂಧದಲ್ಲಿ ನನ್ನ ಪಾತ್ರ ಸ್ವಲ್ಪ ಗೌರವದ್ದಾಗಿರುತ್ತಿತ್ತು. ಒಂದು ದಿನ ಮಾಸ್ತರು ಮಧ್ಯಾಹ್ನದ ನಮಾಜಿಗೆ ಎದ್ದರು, ಅವರ ಹೆಂಡತಿ, ನಾನು ಚಾಚಿ ಎಂದು ಕರೆಯುತ್ತಿದ್ದವರು, ಚಹಾ ಕಾಸಲು ಒಳಗೆ ಹೋದರು. ಪುಸ್ತಕ ಮೇಜಿನ ಮೇಲಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದುರಿನ ಝೆರಾಕ್ಸ್ ಅಂಗಡಿಗೆ ಓಡಿದೆ. ಪುಟಗಳೆಲ್ಲ ಕಡು ಕೆಂಪು ಕಾಗದ, ಅದರ ಮೇಲೆ ಕಪ್ಪು ಅಕ್ಷರ. ಮಷೀನಿನಿಂದ ಹೊರಬಂದದ್ದು ಬರೀ ಕಪ್ಪು ಹಾಳೆ, ಹಂಚಿನ ತಳದ ಹಾಗೆ. ಎರಡನೆಯದೂ ಹಾಗೆಯೇ. ಅಂಗಡಿಯವನು ತನ್ನ ಮಷೀನಿಗೆ ಏನೋ ಆಯಿತೆಂದು ಹೆದರಿ, ಅದರ ಹೊಟ್ಟೆ ಬಿಚ್ಚಲು ಕುಳಿತ. ಕಾಪಿ ಆಗಬಾರದೆಂದೇ ಹಾಗೆ ಅಚ್ಚು ಹಾಕಿದ್ದಾರೆ ಎಂದು ನನಗೆ ಆಮೇಲೆ ಹೊಳೆಯಿತು. ಓಡಿ ಬಂದು ಪುಸ್ತಕವನ್ನು ಇದ್ದಲ್ಲೇ ಇಟ್ಟು, ಏದುಸಿರು ಬಿಡುತ್ತ ಚಹಾ ಕುಡಿದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಬೇಜಾರಾಯಿತು, ಅದೂ ನಿಜ.

ಆವತ್ತು ಏನಾದರೂ ಮಾತಾಡಬೇಕಲ್ಲ ಎಂದು, ತಪ್ಪು ಶಬ್ದ ಕೊಟ್ಟರೆ ಊರು ಹೇಗೆ ಮುಳುಗುತ್ತದೆ ಎಂದು ನಗುನಗುತ್ತ ವರ್ಣಿಸಿದೆ. ಮಾಸ್ತರು ನಗಲಿಲ್ಲ. ಮಷೀನು ಹಚ್ಚಿ, ತಾವು ಕಟ್ಟಿದ ಊರು ತೋರಿಸಿದರು.

ಅದು ಅವರ ಹುಟ್ಟೂರು. ಆಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಹೋದದ್ದು. ಹೊಳೆಗೆ ಇಳಿಯುವ ದಾರಿ, ಸಾಲು ಬೇವಿನ ಮರ, ಕುಂಬಾರರ ಓಣಿ, ಕೇರಿ, ಎಲ್ಲವೂ ಇದ್ದ ಜಾಗದಲ್ಲಿ ಇದ್ದವು. ಆಟದಲ್ಲಿ ಮಸೀದಿ ಇರಲಿಲ್ಲವಾದ್ದರಿಂದ ಚರ್ಚನ್ನು ಮಸೀದಿ ಮಾಡಿಕೊಂಡಿದ್ದರು. ಹನುಮಪ್ಪನ ಗುಡಿಗೆ ಏನೂ ಸಿಗದೆ ಪೊಲೀಸ್ ಠಾಣೆ ಇಟ್ಟಿದ್ದರು, ಹೇಗೂ ಊರು ಕಾಯುವವನೇ ಅಲ್ಲವೇ ಎಂದು. ತಾಲೀಮಿನ ಮನೆ, ಅಂದರೆ ಗರಡಿ, ಒಂದು ದೊಡ್ಡ ಸ್ಟೇಡಿಯಮ್ಮಾಗಿತ್ತು. ಕಾಗದದ ಮೇಲೆ ಬರೆಯಬಹುದಿತ್ತಲ್ಲ ಮಾಸ್ತರ್ರ, ಎಂದೆ. ಬರೆದು ನೋಡಿದರಂತೆ. ಚಿತ್ರವಾದರೆ ಹೊರಗೆ ನಿಂತು ನೋಡಬೇಕು, ಇದರಲ್ಲಿ ಓಣಿಯೊಳಗೆ ಹೋಗಬಹುದು, ಅಂದರು. ಮೂರು ವರ್ಷದ ಕೆಲಸ ಅದು.

ನನ್ನ ತವರು ಶಹಾಪುರದ ಹತ್ತಿರದ ಸಗರ. ಕಾಲುವೆ ನೀರು ಮೊದಲ ಸಲ ನಮ್ಮ ಹೊಲಕ್ಕೆ ಬಂದಾಗ ನಮ್ಮಪ್ಪ ಬದುವಿನ ಮೇಲೆ ಕಾಯಿ ಒಡೆದು, ಕೈಮುಗಿದು, ಕಣ್ಣು ಒರೆಸಿಕೊಂಡಿದ್ದ. ಜೋಳ ಬಿಟ್ಟು ಬೇರೇನೂ ಕಾಣದ ನಮ್ಮ ಮನೆ ಆಮೇಲೆ ಎರಡು ಹೊತ್ತು ಅನ್ನ ಉಂಡಿತು, ನಾನು ಕಾಲೇಜು ಕಂಡೆ. ಆ ನೀರು ನಿಲ್ಲಲು ಯಾರದೋ ಊರು ಜಾಗ ಬಿಟ್ಟುಕೊಟ್ಟಿತ್ತು ಎಂದು ಅಲ್ಲಿಯವರೆಗೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಇದನ್ನು ಮಾಸ್ತರಿಗೆ ಹೇಳಿದೆ, ತೊದಲುತ್ತಲೇ. ನೀರು ಯಾರ ಹೊಲಕ್ಕಾದರೂ ಹೋಗಲೇಬೇಕಲ್ಲ, ಗುರುತಿನವರ ಹೊಲಕ್ಕೆ ಹೋದದ್ದು ಛಲೋ ಆಯಿತು, ಎಂದು ಚಹಾ ಮುಂದೆ ಸರಿಸಿದರು.

ಅಂದಿನಿಂದ ನನ್ನ ಹೆಪ್ಪಿನ ವಾದಕ್ಕೆ ಹೊಸ ಬಲ ಬಂತು. ನೋಡಿ ಮಾಸ್ತರ್ರ, ನೀರು ತಿರುಗಿಸಿದರೆ ಒಬ್ಬರಿಗೆ ಸಿಕ್ಕು ಇನ್ನೊಬ್ಬರಿಗೆ ಹೋಗುತ್ತದೆ, ಆಟ ಕಾಪಿ ಮಾಡಿದರೆ ಇಬ್ಬರಿಗೂ ಇರುತ್ತದೆ, ಇದರಲ್ಲಿ ಕಳವೆಲ್ಲಿ ಬಂತು, ಎಂದು ಕೇಳಿದೆ. ಮಾಡಿದವನಿಗೂ ಹೊಟ್ಟೆ ಇರುತ್ತದಲ್ಲ, ಎಂದರು ಅವರು. ಮೂರು ಚೀಟಿ ತೆಗೆದುಕೊಂಡು ಬಸ್ಸು ಹತ್ತಿದೆ.

ಆ ಚೀಟಿಗಳನ್ನೆಲ್ಲ ಪುಟ, ಸಾಲು ಹೊಂದಿಸಿ ಒಂದು ನೋಟುಬುಕ್ಕಿನಲ್ಲಿ ಅಂಟಿಸುತ್ತಿದ್ದೆ ಎಂದು ಅವರಿಗೆ ಹೇಳಿರಲಿಲ್ಲ. ಎರಡು ವರ್ಷಕ್ಕೆ ಆಟ ಕೇಳುವ ನೂರಿಪ್ಪತ್ತು ಶಬ್ದವೂ ಕೂಡಿದವು. ಆಮೇಲೆ ಕೇಳಲು ಏನೂ ಉಳಿಯದೆ ಹೋಗುವುದೇ ನಿಂತಿತು. ಕೆಲಸ ಮುಗಿದ ಮೇಲೆ ಹೀಗೆ ಮರೆಯುವುದಕ್ಕೆ ಏನನ್ನುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ.

ಒಂದು ಬೆಳಿಗ್ಗೆ ಕ್ಲಾಸಿನ ಹೊರಗೆ ಯಾರೋ ಚಪ್ಪಲಿ ಬಿಡುತ್ತಿದ್ದರು. ನೋಡಿದರೆ ಮಾಸ್ತರು! ಕಳ್ಳನ ಮನಸ್ಸು ಹುಳ್ಳುಳ್ಳಗೆ, ನಾನು ಗಡಬಡಿಸಿ ಎದ್ದು ಕುರ್ಚಿ ಸರಿಸಿದೆ. ಅವರು ಕುರ್ಚಿಯ ತುದಿಗೆ ಕುಳಿತು, ಕೇಳುವುದೋ ಬೇಡವೋ ಎಂದು ಬಹಳ ಹೊತ್ತು ಟೋಪಿ ಸರಿಮಾಡಿಕೊಂಡರು. ಕಡೆಗೆ ಹೇಳಿದರು. ಪುಸ್ತಕ ಭದ್ರವಾಗಿರಲಿ ಎಂದು ಬಟ್ಟೆಯಲ್ಲಿ ಸುತ್ತಿ ಕಟ್ಟಿಗೆಯ ಪೆಟ್ಟಿಗೆಯ ತಳದಲ್ಲಿ ಇಡುತ್ತಿದ್ದರಂತೆ. ಹಬ್ಬಕ್ಕೆಂದು ಇಬ್ಬರೂ ಹದಿನೈದು ದಿನ ಹೈದರಾಬಾದಿಗೆ ಹೋಗಿ ಬಂದು ತೆರೆದರೆ ಗೆದ್ದಲು. ಹೊರಗೆ ಗೋಡೆಯ ಮಾಡದಲ್ಲಿ ಬಿದ್ದಿದ್ದ ರದ್ದಿ ಕಾಗದಕ್ಕೆ ಏನೂ ಆಗಿರಲಿಲ್ಲ. ಮಷೀನು ಹಚ್ಚಿದರೆ ಆಟ ಶಬ್ದ ಕೇಳುತ್ತದೆ. ತಪ್ಪು ಕೊಟ್ಟರೆ ಏನಾಗುತ್ತದೆ ಎಂದು ನಾನೇ ಹೇಳಿದ್ದೆನಲ್ಲ. ಹೆದರಿ ಮುಟ್ಟಿರಲಿಲ್ಲ.

"ಒಂದು ಸಲ ಬಿಟ್ಟು ಬಂದೀನ್ರಿ," ಎಂದರು. "ಮತ್ತೊಂದು ಸಲ ಆಗಂಗಿಲ್ಲ."

ಹಣ ಕೊಟ್ಟವರು ಅವರು, ಕರಾರು ಓದಿದವರು ಅವರು, ಮಾತಿಗೆ ನಿಂತವರು ಅವರು. ಊರ ಹೊರಗೆ ನಿಂತದ್ದೂ ಅವರೇ. ಕಳ್ಳಿಯಾದ ನಾನು ಒಳಗೆ ಕುಳಿತು ದಿನಾ ಆಡುತ್ತಿದ್ದೆ. ಆ ಶಬ್ದದ ಬೀಗವನ್ನು ಕಂಡುಹಿಡಿದ ಜಾಣನ ಮೇಲೆ ನನಗೆ ಆವತ್ತು ಬಂದಷ್ಟು ಸಿಟ್ಟು ಮತ್ತೆಂದೂ ಬಂದಿಲ್ಲ. ಒಳಗೆ ಹೋಗಿ ನೋಟುಬುಕ್ಕು ತಂದು ಅವರ ಮುಂದಿಟ್ಟೆ.

ಮಾಸ್ತರು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿದರು. ಎಲ್ಲ ಅವರದೇ ಅಕ್ಷರ. ಬೈಗುಳ ಬರಲಿ ಎಂದು ಕಾದೆ. ನಿಮಗೆ ಹೇಳದೆ ಮಾಡಿದೆ, ಎಂದೆ.

"ಗೊತ್ತಿತ್ರಿ," ಎಂದರು ತಲೆ ಎತ್ತದೆ. "ಒಮ್ಮಿ ಕೇಳಿದ ಶಬ್ದ ನೀವು ಎರಡನೇ ಸಲ ಕೇಳಲೇ ಇಲ್ಲ."

ಗೊತ್ತಿದ್ದೂ ಯಾಕೆ ಕೊಟ್ಟಿರಿ ಎಂದು ಕೇಳಿದ್ದಕ್ಕೆ, ಗೊತ್ತಿದೆ ಎಂದುಬಿಟ್ಟಿದ್ದರೆ ನೀವು ಮತ್ತೆ ಬರುತ್ತಿರಲಿಲ್ಲ, ಚಾಚಿ ಭಾನುವಾರ ಎಂದರೆ ಚಹಾಕ್ಕೆ ಒಂದು ಕಪ್ಪು ಹೆಚ್ಚಿಗೆ ಇಡುತ್ತಿದ್ದಳು, ಎಂದಷ್ಟೇ ಹೇಳಿದರು. ನನ್ನ ಕಣ್ಣು ತುಂಬಿದವು, ಸುಳ್ಳೇಕೆ.

ಆವತ್ತೇ ಅವರ ಜೊತೆ ಸುರಪುರಕ್ಕೆ ಹೋದೆ. ಆಟ ಶಬ್ದ ಕೇಳಿತು, ನಾನು ಪುಟ ಹುಡುಕಿದೆ, ಮಾಸ್ತರು ಒಂದೊಂದೇ ಅಕ್ಷರ ಒತ್ತಿದರು. ಊರು ತೆರೆಯಿತು. ಅವರು ಏನೂ ಕಟ್ಟಲಿಲ್ಲ, ಏನೂ ಕೆಡವಲಿಲ್ಲ. ಹೊಳೆಯ ದಾರಿಯಿಂದ ಹಿಡಿದು ಕೇರಿಯವರೆಗೆ ಒಂದು ಸುತ್ತು ಹೋಗಿ ಬಂದರು. ಆಮೇಲೆ, ಈ ಊರಷ್ಟನ್ನೇ ಫ್ಲಾಪಿಯಲ್ಲಿ ತೆಗೆಯಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ, ಆದರೆ ನೀವು ಕೊಟ್ಟ ಜಬಾನು, ಎಂದೆ.

"ಆಟ ಅವ್ರದು. ಊರು ನಮ್ಮದು," ಎಂದರು ಮಾಸ್ತರು. "ಅದು ಒಂದೇ ಇತ್ರಿ ಬಾಯಾರ, ಅದಕ್ಕ ಮುಳುಗ್ತು. ಕಾಪಿ ಮಾಡ್ರಿ. ಎಷ್ಟು ಮಂದಿ ಕೇಳ್ತಾರ, ಅಷ್ಟು ಮಾಡ್ರಿ."

ಸುದ್ದಿ ಹಬ್ಬಿತು. ಆ ಊರಿನವರು ಎಲ್ಲೆಲ್ಲಿಗೋ ಚದುರಿದ್ದವರು, ದೇವಾಪುರದಿಂದ, ಸುರಪುರದ ಓಣಿಗಳಿಂದ, ಸರಕಾರ ಕಟ್ಟಿಸಿಕೊಟ್ಟ ಹೊಸ ಊರಿನಿಂದ, ನನ್ನ ಕ್ಲಾಸಿಗೆ ಬರತೊಡಗಿದರು. ಫ್ಲಾಪಿ ಒಯ್ದರು. ಕಂಪ್ಯೂಟರ್ ಕಂಡವರು ಅವರಲ್ಲಿ ಇಬ್ಬರೋ ಮೂವರೋ. ಉಳಿದವರಿಗೆ ನಾನು ಮೊದಮೊದಲು, ಇದು ಬರೀ ಹಾಗೆ ಕಾಣುವುದಿಲ್ಲ, ಮಷೀನು ಬೇಕು, ಶಬ್ದ ಬೇಕು, ಎಂದು ಪಾಠ ಮಾಡುತ್ತಿದ್ದೆ. ಕುಂಬಾರ ಓಣಿಯ ಒಬ್ಬ ಮುದುಕಿ ನನ್ನ ಪಾಠವನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಫ್ಲಾಪಿಯನ್ನು ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು, ಕುಪ್ಪಸದೊಳಗೆ ಇಟ್ಟುಕೊಂಡಳು. ನಿನ್ನ ಮನೆಯಲ್ಲಿ ಮಷೀನಿಲ್ಲವಲ್ಲ ಅವ್ವಾ, ಏನು ಮಾಡುತ್ತಿ, ಎಂದೆ.

"ನೋಡ್ಲಾಕಲ್ಲವ್ವಾ. ದೇವರ ಜಗಲಿ ಮ್ಯಾಲ ಇರ್ತದ," ಎಂದಳು. ಬಾಗಿಲವರೆಗೆ ಹೋದವಳು ತಿರುಗಿ ಬಂದಳು. "ಇನ್ನೊಂದು ಕೊಡು. ಮಗಳ ಮನಿಗಿ."