ಗಿಣ್ಣು ತಿಂದ ಯಾಳಿ

ಹೇಳಿದರೆ ನಗುತ್ತೀರಿ, ಆದರೂ ಹೇಳಿಬಿಡುತ್ತೇನೆ: ನಾನು ಯಾಳಿ. ಆಧಾರ್ ಕಾರ್ಡಿನಲ್ಲಿ ಹೆಂಗಸು ಎಂದೇ ಇದೆ. ತಮಿಳುನಾಡಿನ ತೇನಿಯ ನಮ್ಮ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುವಾಗಲೂ ಹೆಂಗಸಿನ ಹಾಗೇ ಕಾಣುತ್ತೇನೆ. ಆದರೆ ಕಣ್ಣು ಮುಚ್ಚಿ ಕೂತರೆ ಒಳಗಿರುವುದು ಗುಡಿಯ ಕಂಬದಲ್ಲಿ ಮುಂಗಾಲೆತ್ತಿ ನಿಂತಿರುತ್ತದಲ್ಲ, ಆ ಮೃಗವೇ. ಸಿಂಹದ ಮೈ, ಆನೆಯ ಸೊಂಡಿಲು, ಗುಡ್ಡೆಗಣ್ಣು. ದೇವರಾಗುವ ಆಸೆ ನನಗೆಂದೂ ಆಗಿಲ್ಲ. ದೇವರಾದರೆ ದಿನಾ ವೇಳೆಗೆ ಸರಿಯಾಗಿ ಸ್ನಾನ ಮಾಡಬೇಕಾಗುತ್ತದೆ.

ಈ ಹುಚ್ಚು ಹಚ್ಚಿದವಳು ನನ್ನ ಅಜ್ಜಿ. ಇಲ್ಲಿನ ಕಂಬಂ ಕಣಿವೆಯಲ್ಲಿ ನಮ್ಮಂಥ ಕನ್ನಡದ ಮನೆಗಳು ಬಹಳ. ಎಷ್ಟೋ ತಲೆಮಾರಿನ ಹಿಂದೆ ದನ ಹೊಡೆದುಕೊಂಡು ಬಂದವರು ನಾವು. ಆ ದನಗಳ ಜೊತೆ ಯಾಳಿಯೂ ನಡೆದುಬಂದು, ಕಾಲು ಸೋತು ಕಂಬಕ್ಕೆ ಒರಗಿತು ಎಂದು ಅಜ್ಜಿ ನಂಬಿದ್ದಳು. ಹಾಗಾಗಿ ಹಸು ಕರು ಹಾಕಿದರೆ ಮೊದಲ ಗಿಣ್ಣು ಗರ್ಭಗುಡಿಗಲ್ಲ, ಮಂಟಪದ ಯಾಳಿಯ ಬಾಯಿಗೆ. ಹೊಸದಾಗಿ ಬಂದ ಪೂಜಾರಿಯೊಬ್ಬರು, ದೇವರಿಗಿಂತ ಮೊದಲು ಕಲ್ಲಿಗೆ ನೈವೇದ್ಯವೇ ಎಂದು ತಮಿಳಿನಲ್ಲಿ ರೇಗಿದರು. ಅಜ್ಜಿ ತಮಿಳು ಬೆರೆತ ನಮ್ಮ ಕನ್ನಡದಲ್ಲೇ ಉತ್ತರ ಕೊಟ್ಟಳು: “ಸಾಮಿ ಒಳಗೆ ಬೆಚ್ಚಗವ್ರೆ. ಇದು ಪಾವ, ವಾಸಲಲ್ಲೇ ನಿಂತದೆ. ಇದ್ಕೆ ಪಸಿಯಲ್ವಾ?” ಹೊರಗೆ ನಿಂತವರಿಗೆ ಹಸಿವು ಹೆಚ್ಚು ಎಂಬುದು ಅವಳ ನ್ಯಾಯ. ಪೂಜಾರಿಗೆ ಎಷ್ಟು ಅರ್ಥವಾಯಿತೋ, ಗರ್ಭಗುಡಿಗೆ ವಾಪಸಾದರು.

ಅಜ್ಜಿ ನನ್ನನ್ನು ಎತ್ತಿಕೊಂಡು ನನ್ನ ಕೈಯಲ್ಲೇ ಯಾಳಿಗೆ ತಿನ್ನಿಸುತ್ತಿದ್ದಳು. ಉಳಿದದ್ದು ನನ್ನ ಬಾಯಿಗೆ. ಒಂದೇ ಬಟ್ಟಲಲ್ಲಿ ಉಂಡು ಬೆಳೆದು, ನಾನೂ ಅದೇ ಎಂದು ಯಾವಾಗ ಅನ್ನಿಸಿತೋ ತಿಳಿಯದು. ಶಾಲೆಯಲ್ಲಿ ಬೈಸಿಕೊಂಡಾಗ ಮನಸ್ಸಿನಲ್ಲೇ ಸೊಂಡಿಲೆತ್ತುತ್ತಿದ್ದೆ. ಆ ಗಿಣ್ಣಿನ ರುಚಿ, ಅಜ್ಜಿಯ ಸೆರಗಿನ ಕೊಟ್ಟಿಗೆ ವಾಸನೆ, ಬೆರಳಿಗೆ ತಾಕುತ್ತಿದ್ದ ತಣ್ಣನೆಯ ಕಲ್ಲಿನ ಹಲ್ಲು ನೆನಪಾದರೆ ಈಗಲೂ ಮಡಿಸುತ್ತಿದ್ದ ಸೀರೆ ಕೈಯಲ್ಲೇ ಉಳಿಯುತ್ತದೆ.

ಇಂಥ ಮೃಗ ಎಲ್ಲೂ ಇರಲಿಲ್ಲ, ಶಿಲ್ಪಿಗಳ ಕಲ್ಪನೆ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ಆದರೆ ಜಾತಕ ಕೂಡಿಸುವಾಗ ನಕ್ಷತ್ರಕ್ಕೊಂದು ಪ್ರಾಣಿ ಎಂದು ಜೋಯಿಸರೇ ಲೆಕ್ಕ ಹಾಕುತ್ತಾರಲ್ಲ? ನನಗೆ ಬೆಕ್ಕು ಬಂತು. ಬೆಕ್ಕೆಂದರೆ ಒಪ್ಪಿ ಧಾರೆ ಎರೆದುಕೊಡುವ ಹಿರಿಯರು, ಯಾಳಿ ಎಂದಿದ್ದರೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು. ಅದಕ್ಕೇ ಗುಟ್ಟಾಗಿಟ್ಟಿದ್ದೆ.

ಗುಟ್ಟು ಬಿಡಿಸಿದ್ದು ಹತ್ತನೆಯ ತರಗತಿ ಓದುವ ನನ್ನ ಮಗಳು. ದಿಂಡಿಗಲ್ಲಿನ ನೆಂಟರ ಮನೆಯಲ್ಲಿ, ತಾನು ಒಳಗೆ ಡ್ರ್ಯಾಗನ್ ಎಂದು ವಾರಗೆಯ ಹುಡುಗಿಯರಿಗೆ ಹೇಳಿದ್ದಾಳೆ. ಮೊಬೈಲಿನಲ್ಲಿ, ಹೀಗೆ ಒಳಗೆ ತಾವು ಬೇರೇನೋ ಪ್ರಾಣಿ ಎನ್ನುವವರದೊಂದು ಕೂಟವೇ ಇದೆಯಂತೆ. ಆ ಹುಡುಗಿಯರೆಲ್ಲ ಬಿದ್ದುಬಿದ್ದು ನಕ್ಕು, ಒಲೆ ಹಚ್ಚಿಕೊಡು ಬಾ ಎಂದು ಕಾಡಿಸಿದ್ದಾರೆ. ಮನೆಗೆ ಬಂದವಳು ಮಾತು ಬಿಟ್ಟಳು. ಊಟಕ್ಕೆ ಕರೆದರೆ ಬಾಗಿಲ ಹಿಂದಿನಿಂದ ಬೇಡ ಎನ್ನಲು “ವೇಂಡಾಂ” ಅಂದಷ್ಟೇ. ಇವಳು ನಮ್ಮ ಮುಂದೆ ಇನ್ನೆಂದೂ ಮನಸ್ಸು ಬಿಚ್ಚದಿದ್ದರೆ ಎಂದು ನನಗೆ ನಿಜಕ್ಕೂ ದಿಗಿಲಾಯಿತು.

ಭಾನುವಾರ ಬೆಳಿಗ್ಗೆ, ಮುಸುಕೆಳೆದು ಮಲಗಿದ್ದ ಅವಳ ಹಾಸಿಗೆಯ ಮೇಲೆ ಕೂತು, ಅಜ್ಜಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಕೊನೆಗೆ ಮುದ್ದಿಸುತ್ತ, “ನಾ ಯಾಳಿ, ಕಣ್ಣು” ಎಂದೆ. ಮುಸುಕು ಸ್ವಲ್ಪ ಸರಿಯಿತು. “ನೆಜಮಾವಾ?” ಎಂದಳು. ನಿಜ ಎಂದೆ. ನನ್ನ ಮುಖದಲ್ಲಿ ನಗು ಹುಡುಕಿದಳು, ಸಿಗಲಿಲ್ಲ.

ಆಗ ಬಾಗಿಲಲ್ಲಿ ನನ್ನ ಗಂಡ ಕೆಮ್ಮಿದರು. ಅವರು ದ್ರಾಕ್ಷಿ ವ್ಯಾಪಾರಿ. ದಪ್ಪ ಮೀಸೆ, ಲಾರಿ ಡ್ರೈವರುಗಳೇ ಬೆಚ್ಚುವ ಗಂಟಲು. ಯಾವಾಗಿನಿಂದ ನಿಂತು ಕೇಳುತ್ತಿದ್ದರೋ. ಬೈಗುಳ ಬಂತು ಎಂದು ಮಗಳು ಮತ್ತೆ ಮುಸುಕೆಳೆದಳು. ಅವರು ಲುಂಗಿ ಸರಿಮಾಡಿಕೊಂಡು, ನೆಲ ನೋಡುತ್ತ ಮೆಲ್ಲಗೆ ಹೇಳಿದರು:

“ನಾ ಅನ್ನಪಕ್ಷಿ. ಸಣ್ಣ ವಯಸಿಂದ್ಲೇ.”

ಅನ್ನಪಕ್ಷಿ ಎಂದರೆ ದೀಪದ ತುದಿಯಲ್ಲಿ ಬಾಲ ಬಾಗಿಸಿ ಕೂತಿರುವ ಹಂಸ. ಮುಸುಕಿನೊಳಗಿಂದ ನಗು ಕೇಳಿತು. ಮಗಳು ಎದ್ದು ಅಪ್ಪನಿಗೆ ಜಾಗ ಬಿಟ್ಟು, ಬಾಲ ಯಾವ ಕಡೆಗೆ ಬಾಗಿದೆ ಎಂದು ಕೇಳಿದಳು. ಅವರು ಮೀಸೆ ನೀವಿಕೊಂಡು ಗಂಭೀರವಾಗಿ ವಿವರಿಸತೊಡಗಿದರು. ಸಾರಿಗೆ ಅವರಿಗೆ ಉಪ್ಪೆಷ್ಟು ಬೇಕು, ಯಾವ ಮಗ್ಗುಲಿಗೆ ಮಲಗಿದರೆ ಗೊರಕೆ ಎಂಬುದೆಲ್ಲ ನನಗೆ ಗೊತ್ತು. ಮದುವೆಯಾದಾಗಿನಿಂದ ಅಷ್ಟು ದೊಡ್ಡ ಹಕ್ಕಿಯೊಂದು ಎದುರಿಗೇ ಕೂತು ಉಣ್ಣುತ್ತಿದ್ದರೂ, ನೀವು ಯಾರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.